ಚೆಸ್‌ನಲ್ಲಿ ಬಿಳಿ ಮೊದಲು ಡಿ4 ಆಡಿದರೆ ಕಪ್ಪಿನಲ್ಲಿ ಏನು ಆಡುವುದು? ಮೊದಲಿನಿಂದ ಕಟ್ಟಬೇಕು ಅಂದುಕೊಂಡಿದ್ದೇನೆ

ಕರಿಕುದುರೆ:

ಎಲ್ಲರಿಗೂ ನಮಸ್ಕಾರ. ಇ4 ಎದುರು ನನಗೆ ಭಯ ಇಲ್ಲ. ಮೂರು ವರ್ಷದಿಂದ ಅದಕ್ಕೆ ಫ್ರೆಂಚ್ ಡಿಫೆನ್ಸ್ (ಇ6, ಆಮೇಲೆ ಡಿ5) ಆಡುತ್ತಿದ್ದೇನೆ. ಸೋತರೂ ಎಲ್ಲಿ ಎಡವಿದೆ ಅಂತ ಗೊತ್ತಾಗುತ್ತದೆ. ಡಿ4 ಬಂದರೆ ಮಾತ್ರ ಮೊದಲ ಹತ್ತು ನಡೆಯಲ್ಲೇ ದಾರಿ ತಪ್ಪಿದ ಹಾಗಾಗುತ್ತದೆ.

ವಿಡಿಯೊ ನೋಡಿ ಕಿಂಗ್ಸ್ ಇಂಡಿಯನ್ ಅನ್ನುವ ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಕಲಿತಿದ್ದೆ. ಅದರಲ್ಲಿ ತೋರಿಸಿದ ದಾಳಿ ನನ್ನ ಆಟದಲ್ಲಿ ಬರುವುದೇ ಇಲ್ಲ. ಎದುರಿನವರು ಡಿ×ಇ5 ಹೊಡೆದು, ರಾಣಿ ಬದಲಾಯಿಸಿಕೊಂಡು ಸುಮ್ನೆ ಕೂರುತ್ತಾರೆ. ಇಲ್ಲವಾದರೆ ಲಂಡನ್ (ಬೇಗ ಒಂಟೆಯನ್ನು ಎಫ್4ಗೆ ತರುವ ಕ್ರಮ) ಆಡಿ, ಎಚ್4, ಎಚ್5 ಅಂತ ಪಾನ್ (ಕಾಲಾಳು) ನುಗ್ಗಿಸಿ ನನ್ನ ರಾಜನ ಮನೆಯನ್ನೇ ಒಡೆಯುತ್ತಾರೆ. ನಿನ್ನೆ ಹಳೇ ಆಟಗಳನ್ನೆಲ್ಲ ತೆಗೆದು ನೋಡಿದೆ. ಡಿ4 ಎದುರು ಆಡಿದ್ದರಲ್ಲಿ ಸುಮಾರು ಅರ್ಧ ಲಂಡನ್. ಉಳಿದದ್ದರಲ್ಲಿ ಜಾಸ್ತಿ ಕ್ವೀನ್ಸ್ ಗ್ಯಾಂಬಿಟ್ (ಡಿ4 ಆದಮೇಲೆ ಸಿ4) ಥರದ್ದು.

ಲಿಚೆಸ್ ರ‍್ಯಾಪಿಡ್‌ನಲ್ಲಿ (ಆನ್‌ಲೈನ್ ಚೆಸ್ ತಾಣ) 1600 ಅಂಕದ ಆಸುಪಾಸು ಇದ್ದೇನೆ. ದಿನಕ್ಕೆ ಅರ್ಧ ಗಂಟೆ ಕೊಡಬಲ್ಲೆ. ಐದಾರು ವರ್ಷ ಬದಲಾಯಿಸದೆ ಆಡಬಹುದಾದ್ದು ಏನಾದರೂ ಇದೆಯಾ?

ನಡೆ ಬರೆಯುವಾಗ ಕು ಅಂದರೆ ಕುದುರೆ, ಒಂ ಅಂದರೆ ಒಂಟೆ, ಆ ಅಂದರೆ ಆನೆ, ರಾ ಅಂದರೆ ರಾಣಿ ಅಂತ ಇಟ್ಟುಕೊಳ್ಳೋಣ. ಪಾನ್ ನಡೆಗೆ ಮನೆಯ ಹೆಸರು ಸಾಕು. × ಅಂದರೆ ಹೊಡೆಯುವುದು, ಅಂಕಿಯ ಮುಂದೆ … ಇದ್ದರೆ ಕಪ್ಪಿನ ನಡೆ, ! ಅಂದರೆ ಒಳ್ಳೆ ನಡೆ, ?? ಅಂದರೆ ದೊಡ್ಡ ತಪ್ಪು. ಕು-ಬಿಡಿ7 ಅಂದರೆ ಬಿ ಸಾಲಿನ ಕುದುರೆ ಡಿ7ಗೆ. ಕ್ಯಾಸಲ್ ಅಂದರೆ ರಾಜ, ಆನೆ ಒಟ್ಟಿಗೆ ಸರಿಸುವುದು.

ಜಿ7ಗೆಳೆಯ:

ಕಿಂಗ್ಸ್ ಇಂಡಿಯನ್ ಬಿಡಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ನನಗೆ ಚೆಸ್ ಹುಚ್ಚು ಹಿಡಿಸಿದ್ದೇ ಅದು. 1953ರ ಮಾರ್ ಡೆಲ್ ಪ್ಲಾಟಾ ಟೂರ್ನಿಯಲ್ಲಿ ನೈಡಾರ್ಫ್ ಎದುರು ಗ್ಲಿಗೊರಿಚ್ ಆಡಿದ ಆಟವನ್ನು ಒಮ್ಮೆ ಬೋರ್ಡ್ ಮೇಲೆ ಇಟ್ಟು ನೋಡಿ. ಎಫ್5, ಎಫ್4, ಜಿ5 ಅಂತ ಪಾನ್‌ಗಳು ಬರುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ನೀವು ಹೇಳಿದ ರಾಣಿ ಬದಲಾವಣೆಗೆ ಹೆದರುವ ಅಗತ್ಯವೇ ಇಲ್ಲ. 1.ಡಿ4 ಕು-ಎಫ್6 2.ಸಿ4 ಜಿ6 3.ಕು-ಸಿ3 ಒಂ-ಜಿ7 4.ಇ4 ಡಿ6 5.ಕು-ಎಫ್3 ಕ್ಯಾಸಲ್ 6.ಒಂ-ಇ2 ಇ5 7.ಡಿ×ಇ5 ಡಿ×ಇ5 8.ರಾ×ಡಿ8 ಆ×ಡಿ8. ಈಗ 9.ಕು×ಇ5 ಅಂತ ಪಾನ್ ತಿಂದರೆ 9…ಕು×ಇ4! 10.ಕು×ಇ4 ಒಂ×ಇ5. ತಿಂದ ಪಾನ್ ವಾಪಸ್ ಬಂತು, ನಿಮ್ಮ ಒಂಟೆ ನಡುವೆ ಬಂದು ಕೂತಿತು. 9.ಒಂ-ಜಿ5 ಆಡಿದರೆ ಆ-ಇ8. ಬಿಳಿ ಸಿ4, ಇ4 ಎರಡೂ ಪಾನ್ ಮುಂದೆ ತಳ್ಳಿದೆ, ಹಾಗಾಗಿ ಡಿ4 ಮನೆಯನ್ನು ಕಾಯಲು ಅವರ ಹತ್ತಿರ ಪಾನ್ ಇಲ್ಲ. ನಿಮ್ಮ ಕುದುರೆಗೆ ಅದು ಒಳ್ಳೆ ಜಾಗ. ಈ ಎಂಡ್‌ಗೇಮ್ ನೀವು ಗೆಲ್ಲಬಹುದು.

ಸಿ8ಒಂಟೆ:

ಗೆಳೆಯರ ಉತ್ಸಾಹ ನನಗೆ ಇಷ್ಟ, 9…ಕು×ಇ4 ಎಲ್ಲರೂ ಕಲಿಯಬೇಕಾದ ಏಟು. ಆದರೆ ಪ್ರಶ್ನೆ ಕೇಳಿದವರು ಫ್ರೆಂಚ್ ಆಡುವವರು. ಅವರ ಕೈಗೆ ಇ6, ಡಿ5 ಪಾನ್ ಪಳಗಿದೆ. ಅದನ್ನು ಬಿಟ್ಟು ಡಿ4ಗೆ ಮಾತ್ರ ಬೇರೆಯೇ ಭಾಷೆ ಯಾಕೆ ಕಲಿಯಬೇಕು?

ಕರಿಕುದುರೆ, ನನ್ನ ಮಾತು ಒಂದೇ. ಓಪನಿಂಗ್ ಹೆಸರು ನೋಡಿ ಆರಿಸಬೇಡಿ, ಪಾನ್‌ಗಳು ಕೊನೆಗೆ ಎಲ್ಲಿ ನಿಲ್ಲುತ್ತವೆ ಅಂತ ನೋಡಿ ಆರಿಸಿ. ನಡೆಗಳು ಮರೆತುಹೋಗುತ್ತವೆ. ಪಾನ್‌ಗಳ ಜೋಡಣೆ ಒಮ್ಮೆ ಅರ್ಥವಾದರೆ ಮರೆಯುವುದಿಲ್ಲ.

ನಾನು ಆಡುವುದು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್, ಚಿಕ್ಕದಾಗಿ ಕ್ಯೂಜಿಡಿ. 1.ಡಿ4 ಡಿ5 2.ಸಿ4 ಇ6. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾಪಾಬ್ಲಾಂಕಾ, ಅಲೆಖಿನ್ ವಿಶ್ವ ಚಾಂಪಿಯನ್‌ಶಿಪ್‌ಗೆ 34 ಆಟ ಆಡಿದರು. ಅದರಲ್ಲಿ 32 ಇದೇ ಓಪನಿಂಗ್. ಅಲ್ಲಿಂದ ಈಚೆಗೆ ಎಷ್ಟೋ ಫ್ಯಾಷನ್ ಬಂದು ಹೋದವು, ಇದು ಇನ್ನೂ ನಿಂತಿದೆ. 2010ರಲ್ಲಿ ಸೋಫಿಯಾದಲ್ಲಿ ಟೊಪಾಲೊವ್ ಎದುರು 12ನೇ ಆಟ, ಅದೇ ಕೊನೆಯದು, ಅಂಕ ಸಮ. ಆನಂದ್ ಅವರಿಗೆ ಕಪ್ಪು. ಅವರು ಆರಿಸಿದ್ದು ಕ್ಯೂಜಿಡಿಯ ಲಾಸ್ಕರ್ ಡಿಫೆನ್ಸ್. ಆ ಆಟ ಗೆದ್ದು ಪಟ್ಟ ಉಳಿಸಿಕೊಂಡರು. ಅಷ್ಟು ಒತ್ತಡದಲ್ಲಿ ನಂಬಬಹುದಾದ ಓಪನಿಂಗ್ ನಮಗೂ ಆಗುತ್ತದೆ.

ಲಾಸ್ಕರ್ ಲೈನ್ ಹೀಗೆ: 3.ಕು-ಸಿ3 ಕು-ಎಫ್6 4.ಒಂ-ಜಿ5 ಒಂ-ಇ7 5.ಇ3 ಕ್ಯಾಸಲ್ 6.ಕು-ಎಫ್3 ಎಚ್6 7.ಒಂ-ಎಚ್4 ಕು-ಇ4 8.ಒಂ×ಇ7 ರಾ×ಇ7. ಎರಡು ಜೊತೆ ಕಾಯಿ ಬದಲಾದರೆ ಇಕ್ಕಟ್ಟು ಕಡಿಮೆ ಆಗುತ್ತದೆ. ಆಮೇಲೆ ಸಿ5 ಅಥವಾ ಇ5 ತಳ್ಳಿ ಉಸಿರಾಡಬಹುದು. ಇದರ ಬದಲು 7…ಬಿ6 ಆಡಿದರೆ ಟಾರ್ಟಕೋವರ್. ಅಲ್ಲಿ ಒಂಟೆ ಬಿ7ರಿಂದ ಹೊರಗೆ ನೋಡುತ್ತದೆ. ಎರಡರಲ್ಲಿ ಒಂದು ಸಾಕು. ಮೊದಲಿಗೆ ಲಾಸ್ಕರ್ ಸುಲಭ.

ಇನ್ನೊಂದು ವಿಷಯ. ನೀವು 1…ಡಿ5 ಬದಲು 1…ಇ6 ಆಡಬಹುದು. 2.ಸಿ4 ಬಂದರೆ ಡಿ5, ಅದೇ ಕ್ಯೂಜಿಡಿ. 2.ಇ4 ಬಂದರೆ ಡಿ5, ನಿಮ್ಮ ಮನೆಯ ಫ್ರೆಂಚ್. 1.ಡಿ4 ಡಿ5 2.ಇ4 ಅಂತ ಗ್ಯಾಂಬಿಟ್ ಕೊಟ್ಟು (ಪಾನ್ ಬಿಟ್ಟುಕೊಟ್ಟು) ಹೆದರಿಸುವವರ ತೊಂದರೆಯೂ ಇಲ್ಲ.

ಹೊಸಬ64:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಸ್ಲಾವ್ (2…ಇ6 ಬದಲು 2…ಸಿ6) ಯಾಕೆ ಬೇಡ? ಅದರಲ್ಲಿ ಸಿ8 ಒಂಟೆ ಹೊರಗೆ ಬರುತ್ತದೆ ಅಲ್ವಾ? ಕ್ಯೂಜಿಡಿಯಲ್ಲಿ ಅದು ಒಳಗೇ ಸಿಕ್ಕಿಕೊಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಸಿ8ಒಂಟೆ:

ಬೇಡ ಅಂತೇನಿಲ್ಲ. 1.ಡಿ4 ಡಿ5 2.ಸಿ4 ಸಿ6 3.ಕು-ಎಫ್3 ಕು-ಎಫ್6 4.ಕು-ಸಿ3 ಡಿ×ಸಿ4 5.ಎ4 ಒಂ-ಎಫ್5. ಬಹಳ ಗಟ್ಟಿ. ಇ4 ಎದುರು ಕಾರೊ-ಕಾನ್ (ಸಿ6, ಆಮೇಲೆ ಡಿ5) ಆಡುವವರಾಗಿದ್ದರೆ ಮೊದಲು ಅದನ್ನೇ ಹೇಳುತ್ತಿದ್ದೆ. ಆದರೆ ಬಿಳಿ 3.ಸಿ×ಡಿ5 ಸಿ×ಡಿ5 ಮಾಡಿಬಿಟ್ಟರೆ ಎರಡೂ ಕಡೆ ಒಂದೇ ಥರ. ಗೆಲ್ಲಬೇಕು ಅಂತ ಕೂತವರಿಗೆ ಬೇಸರ ಬರುತ್ತದೆ. ಕ್ಯೂಜಿಡಿ ಎಕ್ಸ್‌ಚೇಂಜ್‌ನಲ್ಲಿ (ಬಿಳಿ ಸಿ×ಡಿ5, ನಾವು ಇ×ಡಿ5) ಹಾಗಲ್ಲ. ಅಲ್ಲಿ ಪಾನ್‌ಗಳು ಎರಡೂ ಕಡೆ ಬೇರೆ ಬೇರೆ, ಹಾಗಾಗಿ ಕೊನೆವರೆಗೂ ಜಗಳ ಇರುತ್ತದೆ.

ಒಂಟೆ ವಿಷಯಕ್ಕೆ ಬಂದರೆ, ಬಿಳಿ ಸಿ×ಡಿ5, ನಾವು ಇ×ಡಿ5 ಮಾಡಿದ ಕ್ಷಣ ಸಿ8 ಒಂಟೆಯ ಬಾಗಿಲು ತಾನೇ ತೆರೆಯುತ್ತದೆ. ಫ್ರೆಂಚ್ ಆಡುವವರಿಗೆ ಇದು ಗೊತ್ತಿರುತ್ತದೆ.

ಬಾನ್‌ಅಭಿಮಾನಿ:

ಸೆಮಿ-ಸ್ಲಾವ್ ಪರವಾಗಿ ಒಂದು ಮಾತು. ಇ6, ಸಿ6 ಎರಡೂ ಆಡಿ ಕಾಯಿರಿ. 2008ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್ ಎದುರು ಆನಂದ್ 3ನೇ, 5ನೇ ಆಟಗಳನ್ನು ಕಪ್ಪಿನಲ್ಲೇ ಗೆದ್ದರು, ಎರಡೂ ಮೆರಾನ್ ಲೈನ್. ಡಿ×ಸಿ4 ಹೊಡೆದು ಬಿ5 ತಳ್ಳಿ, ಬಿ7 ಒಂಟೆಯಿಂದ ಕರ್ಣ ಪೂರ್ತಿ ಉಳುವುದು. ಕಪ್ಪಿನಲ್ಲೂ ಗೆಲ್ಲಲು ಆಡಬಹುದು ಅಂತ ನನಗೆ ಕಲಿಸಿದ್ದು ಆ ಎರಡು ಆಟ.

ಆದರೆ ದಿನಕ್ಕೆ ಅರ್ಧ ಗಂಟೆ ಸಾಲುವುದಿಲ್ಲ. ಒಂ-ಜಿ5 ಬಂದು ಡಿ×ಸಿ4 ಹೊಡೆದರೆ ಬೊಟ್ವಿನ್ನಿಕ್ ಲೈನ್, ಅಲ್ಲಿ 20 ನಡೆವರೆಗೂ ಬಾಯಿಪಾಠ ಬೇಕು. ಮೊದಲು ಕ್ಯೂಜಿಡಿ ಕಲಿಯಿರಿ. ಆಮೇಲೆ ಬೇಕಾದರೆ ಈ ಕಡೆ ಬರಬಹುದು.

ನಿಧಾನದಾಟ:

ಇಲ್ಲಿವರೆಗೆ ಎಲ್ಲರೂ 2.ಸಿ4 ಬಗ್ಗೆ ಮಾತಾಡಿದಿರಿ. ಪ್ರಶ್ನೆ ಕೇಳಿದವರು ಅರ್ಧ ಆಟ ಲಂಡನ್ ಅಂತ ಬರೆದಿದ್ದಾರೆ. ಹಾಗಾದರೆ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಮಕ್ಕಳಿಗೆ ಹೇಳಿಕೊಡುವಾಗ ಇದನ್ನೇ ಪದೇ ಪದೇ ನೋಡುತ್ತೇನೆ. ಟಾರ್ಟಕೋವರ್‌ನ 15ನೇ ನಡೆ ಗೊತ್ತು, 2.ಒಂ-ಎಫ್4 ಬಂದರೆ ಮೂರನೇ ನಡೆಗೇ ಯೋಚನೆ.

ಲಂಡನ್ ಮಕ್ಕಳಾಟ ಅಂತ ತಳ್ಳಿಹಾಕಬೇಡಿ. 2023ರಲ್ಲಿ ಅಸ್ತಾನಾದಲ್ಲಿ ಡಿಂಗ್ ಲಿರೆನ್ ವಿಶ್ವ ಚಾಂಪಿಯನ್‌ಶಿಪ್‌ನ 6ನೇ ಆಟದಲ್ಲಿ ನೆಪೊಮ್ನಿಯಾಚಿ ಎದುರು ಇದನ್ನೇ ಆಡಿ ಗೆದ್ದರು.

ನಾನು ಹೇಳಿಕೊಡುವುದು ಇದು: 1.ಡಿ4 ಡಿ5 2.ಒಂ-ಎಫ್4 ಕು-ಎಫ್6 3.ಇ3 ಸಿ5 4.ಸಿ3 ಕು-ಸಿ6. ಮುಖ್ಯವಾದದ್ದು ಸಿ5. ಬೇಗ ಸಿ5 ಆಡದಿದ್ದರೆ ಬಿಳಿ ಆರಾಮಾಗಿ ಇ5ಗೆ ಕುದುರೆ ತಂದು, ಡಿ3ಗೆ ಒಂಟೆ ಇಟ್ಟು ನಿಮ್ಮ ರಾಜನ ಮೇಲೆ ಬರುತ್ತದೆ. 4.ಡಿ×ಸಿ5 ತಿಂದು ಉಳಿಸಿಕೊಳ್ಳಲು ನೋಡಿದರೆ ಗಾಬರಿ ಬೇಡ. 4…ಇ6 5.ಬಿ4 ಎ5 6.ಸಿ3 ಎ×ಬಿ4 7.ಸಿ×ಬಿ4 ಬಿ6! ಇಡೀ ಪಾನ್ ಸಾಲು ಬಿಚ್ಚಿಕೊಳ್ಳುತ್ತದೆ. 8.ಸಿ×ಬಿ6 ಆದರೆ ಒಂ×ಬಿ4 ಚೆಕ್.

ಒಂಟೆ ಎಫ್4ಗೆ ಹೋದ ಮೇಲೆ ಬಿ2 ಪಾನ್‌ಗೆ ಕಾವಲು ಇಲ್ಲ. ಅದಕ್ಕೇ ರಾ-ಬಿ6. 5.ಕು-ಎಫ್3 ರಾ-ಬಿ6 6.ರಾ-ಬಿ3 ಸಿ4! ಈಗ 7.ರಾ×ಬಿ6 ಎ×ಬಿ6 ಆದರೆ ಪಾನ್ ಜೋಡಿಯಾಯಿತು ಅಂತ ಬೇಜಾರು ಬೇಡ. ಎ-ಫೈಲ್ (ಎ1ರಿಂದ ಎ8ವರೆಗಿನ ಸಾಲು) ತೆರೆಯಿತು, ಬಿ5, ಬಿ4 ತಳ್ಳಿ ಮುಂದೆ ಹೋಗಬಹುದು. 8.ಕು-ಎ3 ಬಂದರೆ 8…ಇ5! ನೆನಪಿರಲಿ. 7.ರಾ-ಸಿ2 ಆದರೆ 7…ಒಂ-ಎಫ್5! ಒಂಟೆ ಪುಕ್ಕಟೆ ಸಿಕ್ಕಿತು ಅಂತ 8.ರಾ×ಎಫ್5 ಹೊಡೆದರೆ 8…ರಾ×ಬಿ2. ಎ1 ಆನೆ ಹೋಯಿತು. ಅದಕ್ಕೆ ಓಡಲು ಜಾಗವೇ ಇಲ್ಲ.

ಎಂಟನೇಸಾಲು:

ಒಂದು ತಿದ್ದುಪಡಿ, ಇದರಲ್ಲಿ ನಾನೇ ಒಂದು ಆಟ ಕಳೆದುಕೊಂಡಿದ್ದೇನೆ. ಈ ಟ್ರ್ಯಾಪ್ ನಡೆಯುವುದು ಬಿಳಿ ಕುದುರೆ ಇನ್ನೂ ಬಿ1ರಲ್ಲೇ ಇದ್ದರೆ ಮಾತ್ರ. 5.ಕು-ಡಿ2 ಆಡಿದ್ದಾರೆ ಅಂತ ಇಟ್ಟುಕೊಳ್ಳಿ. ಆಗಲೂ 5…ರಾ-ಬಿ6 6.ರಾ-ಬಿ3 ಸಿ4 7.ರಾ-ಸಿ2 ಒಂ-ಎಫ್5?? 8.ರಾ×ಎಫ್5 ರಾ×ಬಿ2 9.ಆ-ಬಿ1. ಬಿ1 ಖಾಲಿ ಇದೆ, ಆನೆ ಅಲ್ಲಿಗೆ ಬಂದು ನಿಮ್ಮ ರಾಣಿಯನ್ನೇ ಓಡಿಸುತ್ತದೆ. ನೀವು ಒಂದು ಒಂಟೆ ಕಮ್ಮಿ.

ನಾನು ನಡೆ ಬಾಯಿಪಾಠ ಮಾಡಿದ್ದೆ, ಆನೆ ಯಾಕೆ ಸಿಕ್ಕಿಬೀಳುತ್ತದೆ ಅಂತ ನೋಡಿರಲಿಲ್ಲ. ಬಿ1 ಕುದುರೆಯೇ ಆ ಆನೆಗೆ ಗೋಡೆ.

ನಿಧಾನದಾಟ:

ಸರಿಯಾಗಿ ಹೇಳಿದಿರಿ, ನಾನು ಬರೆಯಬೇಕಿತ್ತು. 5.ಕು-ಡಿ2 ಬಂದರೆ ನಾನು ರಾಣಿಯನ್ನು ಹೊರಗೆ ತರುವುದಿಲ್ಲ. 5…ಇ6 6.ಕು-ಜಿಎಫ್3 ಒಂ-ಡಿ6 7.ಒಂ-ಜಿ3 ಕ್ಯಾಸಲ್ 8.ಒಂ-ಡಿ3 ಬಿ6, ಆಮೇಲೆ ಒಂ-ಬಿ7. ಲಂಡನ್ ಆಡುವವರು ಪ್ರೀತಿಸುವುದು ಎಫ್4 ಒಂಟೆಯನ್ನು. ಡಿ6ರಲ್ಲಿ ನಿಮ್ಮ ಒಂಟೆ ಎದುರು ನಿಲ್ಲಿಸಿದರೆ ಅರ್ಧ ದಾಳಿ ಅಲ್ಲೇ ಮುಗಿಯುತ್ತದೆ.

ಕರಿಕುದುರೆ:

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ತುಂಬಾ ಧನ್ಯವಾದ. ಕ್ಯೂಜಿಡಿ ಅಂತ ತೀರ್ಮಾನ ಮಾಡಿದ್ದೇನೆ, 1…ಇ6ರಿಂದ ಶುರು. ಈ ವಾರ ಹತ್ತು ಆಟ ಆಡಿದೆ. ಲಂಡನ್ ಎದುರು ಸಿ5 ಬೇಗ ಆಡಿದ್ದಕ್ಕೇ ವ್ಯತ್ಯಾಸ ಕಾಣಿಸುತ್ತಿದೆ.

ಆದರೆ ಎಕ್ಸ್‌ಚೇಂಜ್ ವೇರಿಯೇಷನ್‌ನಲ್ಲಿ ಎರಡು ಸಲ ಒಂದೇ ರೀತಿ ಸೋತೆ. ಬಿಳಿ ಬಿ4, ಬಿ5 ತಳ್ಳಿತು. ಬಿ×ಸಿ6 ಬಿ×ಸಿ6 ಆಯಿತು. ಆಮೇಲೆ ನನ್ನ ಸಿ6 ಪಾನ್ ಕಾಯುವುದೇ ಕೆಲಸ. ಕೊನೆಗೆ ಅದು ಹೋಯಿತು, ಆಟವೂ ಹೋಯಿತು. ಇದನ್ನು ತಡೆಯುವುದು ಹೇಗೆ?

ಸಿ8ಒಂಟೆ:

ಇದು ಈ ರೆಪರ್ಟರಿಯ (ಕಲಿತು ಆಡುವ ಓಪನಿಂಗ್‌ಗಳ ಕಟ್ಟಿನ) ಹೃದಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸಿ×ಡಿ5 ಇ×ಡಿ5 ಆದ ಮೇಲೆ ಬರುವ ಪಾನ್ ಜೋಡಣೆಗೆ ಕಾರ್ಲ್ಸ್‌ಬಾಡ್ ಅಂತ ಹೆಸರು. 1923ರ ಕಾರ್ಲ್ಸ್‌ಬಾಡ್ ಟೂರ್ನಿಯಿಂದ ಬಂದದ್ದು. ರಾಣಿ ಕಡೆ ಬಿಳಿಗೆ ಎ, ಬಿ ಎರಡೇ ಪಾನ್, ನಮಗೆ ಎ, ಬಿ, ಸಿ ಮೂರು. ಆ ಎರಡು ನಮ್ಮ ಮೂರರ ಮೇಲೆ ನುಗ್ಗುತ್ತವೆ. ಅದಕ್ಕೇ ಮೈನಾರಿಟಿ ಅಟ್ಯಾಕ್ ಅನ್ನುತ್ತಾರೆ. ಅವರಿಗೆ ಪಾನ್ ಬೇಡ, ಸಿ6ರಲ್ಲಿ ನಮಗೊಂದು ಗಾಯ ಬೇಕು, ಅಷ್ಟೇ.

ಈಗ ಬಿಳಿ ಬಿ4 ತಳ್ಳಿದಾಗ ಏನನ್ನು ಬಿಟ್ಟುಕೊಟ್ಟಿತು ನೋಡಿ. ಬಿ ಪಾನ್ ಮುಂದೆ ಹೋದ ಮೇಲೆ ಬಿ3ಗೆ ವಾಪಸ್ ಬರುವುದಿಲ್ಲ. ಅಂದರೆ ಸಿ4 ಮನೆಯನ್ನು ಕಾಯುವ ಪಾನ್ ಇಲ್ಲ. ನಮ್ಮ ಕುದುರೆ ಎಫ್6, ಇ4, ಡಿ6, ಸಿ4 ಅಂತ ನಡೆದು ಅಲ್ಲಿ ಕೂತರೆ ಸಿ-ಫೈಲ್ ಮುಚ್ಚಿಹೋಗುತ್ತದೆ, ಸಿ6ರ ಗಾಯ ಯಾರಿಗೂ ಕಾಣುವುದಿಲ್ಲ. ಆಗ ನಾವೇ ಬಿ5 ತಳ್ಳಿ ಅವರ ಪಾನ್ ನಿಲ್ಲಿಸಬಹುದು. ಆದರೆ ಕುದುರೆ ಸಿ4 ತಲುಪುವ ದಾರಿ ಇಲ್ಲದಾಗ ಬಿ5 ಆಡಿದರೆ ಸಿ6 ಬಯಲಲ್ಲಿ ನಿಂತ ಹಾಗೆ. ಅದನ್ನು ಯಾವತ್ತೂ ಮರೆಯಬೇಡಿ.

ಎರಡನೇ ದಾರಿ ರಾಜನ ಕಡೆ. ಕು-ಬಿಡಿ7, ಆ-ಇ8, ಕು-ಎಫ್8 ಅಂತ ಕುದುರೆಯನ್ನು ತಿರುಗಿಸಿ ಜಿ6ಗೆ ತನ್ನಿ. ಎಫ್8 ಕುದುರೆ ಎಚ್7 ಕಾಯುತ್ತದೆ, ಜಿ6 ಕುದುರೆ ದಾಳಿಗೆ ಹೋಗುತ್ತದೆ. ಇ4 ಕುದುರೆ ಜೊತೆಗಿದ್ದರೆ ಬಿಳಿ ರಾಜ ನೆಮ್ಮದಿಯಾಗಿ ಇರಲಾರ.

ಮೂರನೆಯದು ಡಿ3ರಲ್ಲಿರುವ ಬಿಳಿ ಒಂಟೆ. ಬಿಳಿಯ ಪಾನ್‌ಗಳು ಡಿ4, ಇ3ರಲ್ಲಿವೆ, ಎರಡೂ ಕಪ್ಪು ಮನೆ. ಹಾಗಾಗಿ ಡಿ3 ಒಂಟೆ ಅವರ ಒಳ್ಳೆಯ ಒಂಟೆ. ನಮ್ಮ ಸಿ8 ಒಂಟೆಯನ್ನು ಅದಕ್ಕೆ ಬದಲಾಯಿಸಿಕೊಂಡರೆ ನಮಗೆ ಲಾಭ. ಜಿ4, ಎಚ್5, ಜಿ6 ಅಂತ ಸುತ್ತಿ ಬಂದರೂ ಸರಿ.

ಆದರೆ ಆ ಒಂಟೆಯನ್ನು ಜೋಪಾನವಾಗಿ ನಡೆಸಬೇಕು. 2024ರ ಸಿಂಗಾಪುರ ವಿಶ್ವ ಚಾಂಪಿಯನ್‌ಶಿಪ್‌ನ 3ನೇ ಆಟ ನೋಡಿ. ಗುಕೇಶ್ ಬಿಳಿ, ಡಿಂಗ್ ಕಪ್ಪು, ಇದೇ ಎಕ್ಸ್‌ಚೇಂಜ್. ಡಿಂಗ್ ಜಿ6 ಆಡಿ ಒಂ-ಎಫ್5 ತಂದರು. ರಾಣಿಗಳು ಬದಲಾದ ಮೇಲೆ ಆ ಒಂಟೆ ಸಿ2ವರೆಗೆ ಒಳಗೆ ಹೋಯಿತು, ವಾಪಸ್ ಬರಲು ದಾರಿ ಇರಲಿಲ್ಲ. ಅದನ್ನು ಕಳೆದುಕೊಂಡರು, 37ನೇ ನಡೆಯಲ್ಲಿ ಸಮಯವೂ ಮುಗಿಯಿತು. ಇಷ್ಟು ದೊಡ್ಡ ಆಟಗಾರರಿಗೇ ಹಾಗಾಗುತ್ತದೆ ಅಂದಮೇಲೆ ನಾವು ಇನ್ನೂ ಎಚ್ಚರವಾಗಿರಬೇಕು.

ಬಿಳಿ ಕು-ಇ2 ಇಟ್ಟು ಎಫ್3, ಇ4 ತಳ್ಳುವ ಯೋಜನೆಯೂ ಇದೆ. ಅದು ಬಂದಾಗ ನಡುವೆ ಏಟು ಕೊಡಬೇಕು, ಸಿ5.

ಎಂಟನೇಸಾಲು:

ಒಂ-ಜಿ5 ಎಕ್ಸ್‌ಚೇಂಜ್ ಬೇಡವೇ ಬೇಡ ಅನ್ನುವವರಿಗೆ 3.ಕು-ಸಿ3 ಒಂ-ಇ7 ಇದೆ. ಒಂಟೆ ಮೊದಲೇ ಇ7ಗೆ ಹೋದರೆ ಬಿಳಿಗೆ ಜಿ5 ಸಿಗುವುದಿಲ್ಲ. 4.ಸಿ×ಡಿ5 ಇ×ಡಿ5 5.ಒಂ-ಎಫ್4 ಸಿ6 6.ಇ3 ಒಂ-ಎಫ್5, ನಮ್ಮ ಒಂಟೆ ಹೊರಗೆ ಬಂತು. 7.ಜಿ4 ಅಂತ ಓಡಿಸಿದರೆ ಒಂ-ಇ6. 1963ರಲ್ಲಿ ಬೊಟ್ವಿನ್ನಿಕ್, ಪೆಟ್ರೋಸಿಯನ್ ಆಡಿದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇದರ ಮೇಲೇ ಹೊಡೆದಾಟ ನಡೆದಿತ್ತು.

ಹೊಸಬ64:

ಎಲಿಫೆಂಟ್ ಟ್ರ್ಯಾಪ್ ಅಂದರೆ ಏನು? ಆನೆ ಸಿಕ್ಕಿಬೀಳುತ್ತದಾ?

ಸಿ8ಒಂಟೆ:

ಇಲ್ಲ, ಅದರಲ್ಲಿ ನಮ್ಮ ಆನೆಗಳು ಅಲ್ಲಾಡುವುದೂ ಇಲ್ಲ. ಹೆಸರು ಹಾಗಿದೆ ಅಷ್ಟೇ. 1.ಡಿ4 ಡಿ5 2.ಸಿ4 ಇ6 3.ಕು-ಸಿ3 ಕು-ಎಫ್6 4.ಒಂ-ಜಿ5 ಕು-ಬಿಡಿ7 5.ಸಿ×ಡಿ5 ಇ×ಡಿ5. ಎಫ್6 ಕುದುರೆ ರಾಣಿಗೆ ಅಡ್ಡ ನಿಂತಿದೆ, ಅಲ್ಲಾಡಲಾರದು ಅಂತ ಬಿಳಿ 6.ಕು×ಡಿ5 ತಿನ್ನುತ್ತದೆ. 6…ಕು×ಡಿ5! 7.ಒಂ×ಡಿ8 ಒಂ-ಬಿ4 ಚೆಕ್. ಬಿಳಿಗೆ 8.ರಾ-ಡಿ2 ಒಂದೇ ದಾರಿ. 8…ಒಂ×ಡಿ2 ಚೆಕ್ 9.ರಾಜ×ಡಿ2 ರಾಜ×ಡಿ8. ಲೆಕ್ಕ ಹಾಕಿ, ಒಂದು ಪಾನ್ ಕೊಟ್ಟು ಒಂದು ಕಾಯಿ ಜಾಸ್ತಿ. ಬ್ಲಿಟ್ಜ್‌ನಲ್ಲಿ (ಕೆಲವೇ ನಿಮಿಷದ ಆಟ) ಇವತ್ತಿಗೂ ಬೀಳುತ್ತಾರೆ.

ಜಿ7ಗೆಳೆಯ:

ಕಿಂಗ್ಸ್ ಇಂಡಿಯನ್ ಬಿಟ್ಟಿರಿ ಅಂತ ಬೇಸರ ಇದೆ, ಆದರೆ ಕಾರಣ ಒಪ್ಪುತ್ತೇನೆ. ಸಹಾಯ ಮಾಡುತ್ತೇನೆ. ಕೆಟಲಾನ್ (ಬಿಳಿ ಜಿ3 ಆಡಿ ಒಂಟೆಯನ್ನು ಜಿ2ರಲ್ಲಿ ಇಡುವ ಕ್ರಮ) ಮರೆತಿದ್ದೀರಿ. 3.ಕು-ಎಫ್3 ಕು-ಎಫ್6 4.ಜಿ3 ಒಂ-ಇ7 5.ಒಂ-ಜಿ2 ಕ್ಯಾಸಲ್ 6.ಕ್ಯಾಸಲ್ ಡಿ×ಸಿ4 7.ರಾ-ಸಿ2 ಎ6. ಈಗ 8.ರಾ×ಸಿ4 ಬಿ5 9.ರಾ-ಸಿ2 ಒಂ-ಬಿ7. ಜಿ2 ಒಂಟೆ ಎದುರು ನಮ್ಮದೂ ಒಂದು ನಿಂತಿತು. ಸಿ5 ಆಡಿದರೆ ಕಪ್ಪಿಗೆ ಇನ್ನೇನು ಬೇಕು? ಬಿಳಿ 8.ಎ4 ಅಂತ ಬಿ5 ತಡೆದರೆ 8…ಒಂ-ಡಿ7, ಅಲ್ಲಿಂದ ಸಿ6. ಬಲವಾದ ಆಟಗಾರರು ಜಾಸ್ತಿ ಆಡುತ್ತಾರೆ, ನಿಮಗೆ ಸದ್ಯಕ್ಕೆ ಕಮ್ಮಿ ಬರಬಹುದು.

ನಿಧಾನದಾಟ:

ಉಳಿದ ಸಣ್ಣಪುಟ್ಟದ್ದು ಬೇಗ ಮುಗಿಸೋಣ. ಕೊಲ್ಲೆ, ಅಂದರೆ 1.ಡಿ4 ಡಿ5 2.ಕು-ಎಫ್3 ಕು-ಎಫ್6 3.ಇ3: ಒಂ-ಎಫ್5 ಆಡಿ, ಅವರ ಡಿ3 ಒಂಟೆಯ ಕನಸು ಮುಗಿಯಿತು. ಜೊಬಾವ, ಅಂದರೆ 2.ಕು-ಸಿ3, 3.ಒಂ-ಎಫ್4: ಅವರ ಕಣ್ಣು ಕು-ಬಿ5 ಮೇಲೆ. 3…ಎ6 ಆಡಿ ಬಾಗಿಲು ಹಾಕಿ, ಆಮೇಲೆ ಇ6, ಸಿ5. ಎರಡನೇ ನಡೆಗೇ 2.ಒಂ-ಜಿ5 ಬಂದರೆ ಎಚ್6 ಕೇಳಿ, ಸಿ6 ಆಡಿ, ರಾ-ಬಿ6 ನೋಡಿ.

ಇದೆಲ್ಲ 1…ಡಿ5ರ ಲೆಕ್ಕ. 1…ಇ6 ಆಡಿದರೆ ಪಾನ್ ಮೊದಲೇ ಇ6ರಲ್ಲಿ ಇರುತ್ತದೆ, ಒಂ-ಎಫ್5 ಸಿಗುವುದಿಲ್ಲ. ಲಂಡನ್‌ನಲ್ಲೂ ಎಫ್5 ಟ್ರ್ಯಾಪ್ ಹೋಯಿತು, ಇ6, ಡಿ6 ಒಂಟೆ, ಸಿ5 ಇರುವ ಜೋಡಣೆ ಮಾತ್ರ ಉಳಿಯುತ್ತದೆ. ಯಾವ ಮೊದಲ ನಡೆ ಅಂತ ಈಗಲೇ ಯೋಚಿಸಿ, ಕರಿಕುದುರೆ.

ಆಮೇಲೆ ಬರೆದಿಡುವ ವಿಷಯ. ಲಿಚೆಸ್‌ನಲ್ಲಿ ಒಂದು ಸ್ಟಡಿ (ನಡೆಗಳನ್ನು ಉಳಿಸಿಡುವ ಫೈಲ್) ತೆರೆಯಿರಿ, ಪ್ರತಿ ಲೈನ್‌ಗೆ ಒಂದು ಅಧ್ಯಾಯ. ಹತ್ತು ನಡೆಗಿಂತ ಮುಂದೆ ಹೋಗಬೇಡಿ. ಕೊನೆಯ ನಡೆಯಲ್ಲಿ ಮುಂದಿನ ಯೋಜನೆ ಏನು ಅಂತ ನಿಮ್ಮ ಮಾತಿನಲ್ಲಿ ಎರಡು ಸಾಲು ಬರೆಯಿರಿ. ಎಂಜಿನ್ (ನಡೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಕೊಟ್ಟ ಅಂಕ ಬರೆಯಬೇಡಿ. ಆಟ ಆಡಿದ ಮೇಲೆ ಎಲ್ಲಿ ಫೈಲ್‌ನಿಂದ ಹೊರಗೆ ಹೋದಿರಿ ಅಂತ ಹುಡುಕಿ, ಅಲ್ಲಿ ಒಂದೇ ಒಂದು ನಡೆ ಸೇರಿಸಿ. ನಿಮ್ಮ ಸೋಲುಗಳೇ ಆ ಫೈಲ್ ಬೆಳೆಸಲಿ.

ಕರಿಕುದುರೆ:

ಆರು ವಾರ ಆಯಿತು, ವರದಿ ಒಪ್ಪಿಸಲು ಬಂದೆ. ನಿಧಾನದಾಟ ಅವರು ಹೇಳಿದ ಮೇಲೆ ಯೋಚಿಸಿ 1…ಡಿ5ಕ್ಕೆ ಬದಲಾದೆ. ಲಂಡನ್‌ನಲ್ಲಿ ಒಂಟೆ ಹೊರಗೆ ಬರುವುದು ನನಗೆ ಮುಖ್ಯ ಅನ್ನಿಸಿತು. ಫೈಲ್‌ನಲ್ಲಿ ಈಗ 11 ಅಧ್ಯಾಯ ಇದೆ.

ನಿನ್ನೆ ಎಕ್ಸ್‌ಚೇಂಜ್ ಬಂತು. ನನಗಿಂತ 150 ಅಂಕ ಮೇಲಿದ್ದವರು. 1.ಡಿ4 ಡಿ5 2.ಸಿ4 ಇ6 3.ಕು-ಸಿ3 ಕು-ಎಫ್6 4.ಸಿ×ಡಿ5 ಇ×ಡಿ5 5.ಒಂ-ಜಿ5 ಒಂ-ಇ7 6.ಇ3 ಸಿ6 7.ಒಂ-ಡಿ3 ಕ್ಯಾಸಲ್ 8.ಕು-ಎಫ್3 ಕು-ಬಿಡಿ7 9.ರಾ-ಸಿ2 ಆ-ಇ8 10.ಕ್ಯಾಸಲ್ ಕು-ಎಫ್8 11.ಆ-ಎಬಿ1 ಎ5 12.ಎ3 ಕು-ಇ4 13.ಒಂ×ಇ7 ರಾ×ಇ7 14.ಬಿ4 ಎ×ಬಿ4 15.ಎ×ಬಿ4 ಕು-ಡಿ6. ಇಲ್ಲಿ ಎದುರಿನವರು 16.ಆ-ಎಫ್‌ಸಿ1 ಆಡಿದರು. ನಾನು ಎರಡು ನಿಮಿಷ ಯೋಚಿಸಿ 16…ಬಿ5 ತಳ್ಳಿದೆ. 17.ಕು-ಇ2, ಸಿ6 ಮೇಲೆ ರಾಣಿ, ಆನೆ ಎರಡರ ಕಣ್ಣು. 17…ಕು-ಸಿ4. ಬಾಗಿಲು ಮುಚ್ಚಿತು. ಎ-ಫೈಲ್ ನನ್ನದು.

ಆಮೇಲೆ ಸಮಯ ಕಮ್ಮಿಯಾಗಿ ಗೆಲುವು ಬಿಟ್ಟುಕೊಟ್ಟೆ, ಡ್ರಾ ಆಯಿತು. ಆದರೂ ಆ ಕುದುರೆ ಸಿ4ರಲ್ಲಿ ಕೂತಾಗ ಆದ ಖುಷಿ ಹೇಳಲಾರೆ. ಮೊದಲ ಸಲ ಡಿ4 ಎದುರು ಏನು ಮಾಡುತ್ತಿದ್ದೇನೆ ಅಂತ ಗೊತ್ತಿತ್ತು.

ಒಂದು ಸಂಶಯ. 16.ಬಿ5 ಅಂತ ಅವರೇ ಮೊದಲು ತಳ್ಳಿದ್ದರೆ? ನಾನು 16…ಒಂ-ಎಫ್5 ಅಂದುಕೊಂಡಿದ್ದೆ, ಡಿ3 ಒಂಟೆ ಬದಲಾಯಿಸಲು.

ಸಿ8ಒಂಟೆ:

ಒಳ್ಳೆ ಆಟ! ಓದಿ ನನಗೂ ಖುಷಿಯಾಯಿತು. ಆದರೆ 16…ಒಂ-ಎಫ್5 ಆಡಬೇಡಿ. 17.ಒಂ×ಎಫ್5 ಕು×ಎಫ್5 18.ರಾ×ಎಫ್5. ಸಿ2 ರಾಣಿಯ ಕರ್ಣ ತೆರೆದಿದೆ, ನಿಮ್ಮ ಎಫ್5 ಕುದುರೆಗೆ ಕಾವಲೇ ಇಲ್ಲ. ಜಿ6 ಪಾನ್ ಮೊದಲೇ ಇದ್ದಿದ್ದರೆ ಸರಿ ಇತ್ತು. ಇಲ್ಲಿ 16…ಒಂ-ಜಿ4, ಆಮೇಲೆ ಒಂ-ಎಚ್5, ಒಂ-ಜಿ6. ಗುರಿ ಅದೇ, ದಾರಿ ಮಾತ್ರ ಸುತ್ತು.

ಕರಿಕುದುರೆ:

ಬೋರ್ಡ್ ಮೇಲೆ ಇಟ್ಟು ನೋಡಿದೆ, ಹೌದು, ಕುದುರೆ ಸುಮ್ನೆ ಹೋಗುತ್ತದೆ. 12ನೇ ಅಧ್ಯಾಯ ಇದೇ. ಈಗಲೇ ಸೇರಿಸುತ್ತೇನೆ.